ಆಳಾಗಿ ಬಂದವನ ಮನೆ

ನ್ಯೂಯಾರ್ಕ್ ನಗರದಲ್ಲಿ ಉಳಿದಿರುವ ಅತಿ ಹಳೆಯ ಕಟ್ಟಡವೆಂದು ಹೆಸರಾದದ್ದು ಒಬ್ಬ ರೈತನ ಮರದ ಮನೆ. ಬ್ರೂಕ್ಲಿನ್‌ನ ಕ್ಲಾರೆಂಡನ್ ರಸ್ತೆಯಲ್ಲಿ, ಗ್ಯಾರೇಜು, ಅಂಗಡಿಗಳ ನಡುವೆ ಇರುವ ಇದು ಈಗ ವೈಕಾಫ್ ಹೌಸ್ ಮ್ಯೂಸಿಯಂ.

ಆ ರೈತ ಪೀಟರ್ ಕ್ಲಾಸೆನ್ 1637ರಲ್ಲಿ ಹಡಗು ಹತ್ತಿ, ಆಗ ಡಚ್ಚರ ವಸಾಹತಾಗಿದ್ದ ಈ ಪ್ರದೇಶಕ್ಕೆ ಬಂದಾಗ ಇನ್ನೂ ಹುಡುಗ. ಓದು ಬರಹ ಬಾರದು. ಹಡ್ಸನ್ ನದಿಯ ಮೇಲ್ದಂಡೆಯಲ್ಲಿದ್ದ ವಾನ್ ರೆನ್ಸೆಲೇರ್ ಜಮೀನ್ದಾರಿಯಲ್ಲಿ ಕರಾರಿನ ಆಳಾಗಿ ದುಡಿದ. ಕರಾರು ತೀರಿದ ಮೇಲೆ ಗ್ರೀಟ್ಯೆ ವಾನ್ ನೆಸ್‌ಳನ್ನು ಮದುವೆಯಾದ; ಹನ್ನೊಂದು ಮಕ್ಕಳಾದವು. 1652ರ ಸುಮಾರಿಗೆ ಈ ಮನೆಯಲ್ಲಿ ಸಂಸಾರ ಹೂಡಿದ. 1655ರಲ್ಲಿ ವಸಾಹತಿನ ಗವರ್ನರ್ ಸ್ಟೈವೆಸಂಟ್ ತನ್ನ ಹೊಲ, ದನಕರುಗಳ ಉಸ್ತುವಾರಿಯನ್ನು ಇವನಿಗೇ ವಹಿಸಿದ. 1664ರಲ್ಲಿ ಇಂಗ್ಲಿಷರ ಆಳ್ವಿಕೆ ಬಂದ ಮೇಲೆ ವೈಕಾಫ್ ಎಂಬ ಮನೆತನದ ಹೆಸರಿಟ್ಟುಕೊಂಡ. ಊರಿನ ನ್ಯಾಯ ತೀರ್ಮಾನಿಸುವ ಅಧಿಕಾರವೂ ಅವನ ಕೈಗೆ ಬಂದಿತ್ತು.

ಮನೆ ಮೊದಲಿಗೆ ಒಂದೇ ಕೋಣೆ. ಮಣ್ಣಿನ ನೆಲ, ಗಾಜಿಲ್ಲದ ಕಿಟಕಿ, ಎರಡೂ ತುದಿಗೆ ಬಾಗಿಲು. ಮಿಕ್ಕ ಕೋಣೆಗಳು 18 ಮತ್ತು 19ನೇ ಶತಮಾನಗಳಲ್ಲಿ ಸೇರಿಕೊಂಡವು. ಹೊರಗೋಡೆಗೆ ಮರದ ಹಲಗೆಚೂರುಗಳನ್ನು ಒಂದರ ಮೇಲೊಂದು ಬರುವಂತೆ ಹೊದಿಸಿದ್ದಾರೆ. ಇಳಿಜಾರಾದ ಮಾಡು ಕೊನೆಯಲ್ಲಿ ತುಸು ಬಾಗಿ ಗೋಡೆಯಾಚೆ ಚಾಚಿಕೊಳ್ಳುತ್ತದೆ. ಮಲೆನಾಡಿನ ಮನೆಗಳ ಸೂರಿನಂತೆ ಇದೂ ಮಳೆನೀರನ್ನು ಗೋಡೆಯಿಂದ ದೂರ ಬೀಳಿಸುತ್ತದೆ. ಬಾಗಿಲುಗಳು ಅಡ್ಡಲಾಗಿ ಎರಡು ಭಾಗ. ಕೆಳಗಿನದನ್ನು ಮುಚ್ಚಿದರೆ ಕೋಳಿ, ಹಂದಿ ಒಳನುಗ್ಗುವುದಿಲ್ಲ. ಮೇಲಿನದನ್ನು ತೆರೆದಿಟ್ಟರೆ ಗಾಳಿ ಬೆಳಕಿಗೆ ಕೊರತೆಯಿಲ್ಲ.

ಪೀಟರ್‌ನ ಏಳಿಗೆಯನ್ನಷ್ಟೇ ಹಾಡಿಹೊಗಳಿದರೆ ಅದು ಅರ್ಧ ಕಥೆ. ಈ ನೆಲ ಇಲ್ಲಿನ ಮೂಲನಿವಾಸಿಗಳಾದ ಲೆನಾಪೆ ಜನರದಾಗಿತ್ತು. ಮುಂದೆ ವೈಕಾಫ್ ಕುಟುಂಬದ ಹೊಲಗಳಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರೂ ಬೆವರು ಸುರಿಸಿದರು. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1827ರಲ್ಲಿ. ಮ್ಯೂಸಿಯಂ ಇದನ್ನು ಮುಚ್ಚಿಡದೆ ಹೇಳುತ್ತದೆ. ಈ ಮನೆಯನ್ನು ನಾನು ಗೌರವಿಸುವುದು ಮುಖ್ಯವಾಗಿ ಇದಕ್ಕಾಗಿ.

1901ರಲ್ಲಿ ಮನೆ ಕುಟುಂಬದ ಕೈಬಿಟ್ಟಿತು. ವಂಶಸ್ಥರು ಕೈಕಟ್ಟಿ ಕೂರಲಿಲ್ಲ. ತಮ್ಮದೇ ಪ್ರತಿಷ್ಠಾನದ ಮೂಲಕ 1961ರಲ್ಲಿ ಮನೆಯನ್ನು ಕೊಂಡು, 1969ರಲ್ಲಿ ನಗರಕ್ಕೆ ದಾನವಾಗಿ ಕೊಟ್ಟರು. ಅಷ್ಟರಲ್ಲಿ ನಗರದ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ಕೆಡವಿದ ಆಕ್ರೋಶದ ನಡುವೆ ನ್ಯೂಯಾರ್ಕಿನಲ್ಲಿ ಪಾರಂಪರಿಕ ಕಟ್ಟಡಗಳ ಕಾಯ್ದೆ ಬಂದಿತ್ತು. ಅದರಡಿ 1965ರಲ್ಲಿ ರಕ್ಷಣೆ ಪಡೆದ ಮೊಟ್ಟಮೊದಲ ಕಟ್ಟಡಗಳ ಸಾಲಿನಲ್ಲಿ ಈ ರೈತನ ಮನೆಯೂ ಇತ್ತು. 1982ರ ಹೊತ್ತಿಗೆ ದುರಸ್ತಿಯೂ ಮುಗಿಯಿತು.

ಅಂಗಳದಲ್ಲಿ ಈಗಲೂ ಬೇಸಾಯ ನಡೆಯುತ್ತದೆ. ಸುತ್ತಲ ಬಡಾವಣೆಗಳಲ್ಲಿ ಕೆರಿಬಿಯನ್ ದ್ವೀಪಗಳಿಂದ ಬಂದು ನೆಲೆಸಿದವರು ಬಹಳ. ಅವರ ಅಡುಗೆಗೆ ಬೇಕಾದ ಕಲಲೂ ಸೊಪ್ಪನ್ನೂ ಇಲ್ಲಿ ಬೆಳೆಯುತ್ತಾರೆ. ಜಮೈಕಾದವರ ಕಲಲೂ ನಮ್ಮ ದಂಟಿನ ಸೊಪ್ಪಿನ ಜಾತಿಯದೇ.

ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿರುವ ಕನ್ನಡಿಗರೇ, ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಲಿಬರ್ಟಿ ಪ್ರತಿಮೆಗೆ ಕರೆದೊಯ್ಯುವಾಗ ಒಂದು ಮಧ್ಯಾಹ್ನವನ್ನು ಈ ಮನೆಗೂ ಎತ್ತಿಡಿ. ಒಳಗೆ ನೋಡುವ ಸಮಯವನ್ನು ಮೊದಲೇ ವಿಚಾರಿಸಿಕೊಂಡು ಹೋಗಿ.