ಹಡಗು ಕೊನೆಗೆ ಕಾಣುತ್ತದೆ

ಮೊದಲು ಕಣ್ಣಿಗೆ ಬೀಳುವುದು ಮಂಜುಗಡ್ಡೆ. ಚಪ್ಪಡಿಗಲ್ಲಿನಂತೆ ದಪ್ಪ ದಪ್ಪ ಹೋಳುಗಳಾಗಿ ಒಡೆದು, ಒಂದರ ಮೈಮೇಲೊಂದು ಹತ್ತಿ, ಒಂದನ್ನೊಂದು ಒತ್ತರಿಸಿ, ಕ್ಯಾನ್ವಾಸಿನ ನಟ್ಟನಡುವೆ ಮೊನಚಾದ ಗುಡ್ಡವಾಗಿ ಎದ್ದು ನಿಂತಿದೆ. ಮುಂಭಾಗದ ಹೋಳುಗಳದು ಕಂದು, ಹಳದಿ ಮಣ್ಣಿನ ಬಣ್ಣ. ಕಣ್ಣು ಹಿಂದೆ ಸರಿದಂತೆ ಬೂದು, ಅದರಾಚೆ ತಣ್ಣನೆಯ ನೀಲಿ. ದೂರದಲ್ಲಿ ಇಂಥದೇ ಇನ್ನೊಂದು ಗುಡ್ಡ, ಅಲ್ಲಿಂದ ದಿಗಂತದವರೆಗೂ ಮಂಜೇ ಮಂಜು. ಮನುಷ್ಯರ ಸುಳಿವಿಲ್ಲ. ನೋಡುತ್ತ ನೋಡುತ್ತ ಬಲಗಡೆ, ಗಡ್ಡೆಗಳ ಸಂದಿಯಲ್ಲಿ ಏನೋ ಕಪ್ಪಗೆ ಕಾಣುತ್ತದೆ. ಹಡಗು! ಮಗುಚಿಬಿದ್ದ ಹಡಗಿನ ಹಿಂಭಾಗವಷ್ಟೇ ಹೊರಗೆ ಉಳಿದಿದೆ. ಮಿಕ್ಕಿದ್ದನ್ನೆಲ್ಲ ಮಂಜು ಆಗಲೇ ನುಂಗಿಯಾಗಿದೆ.

ಜರ್ಮನಿಯ ಚಿತ್ರಕಾರ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಶ್ 1823-24ರಲ್ಲಿ ಡ್ರೆಸ್ಡೆನ್‌ನಲ್ಲಿ ಬರೆದ ‘ಮಂಜಿನ ಸಮುದ್ರ’ ಇದು. ಎತ್ತರ ಒಂದು ಮೀಟರಿಗೂ ತುಸು ಕಡಿಮೆ, ಅಗಲ ಸುಮಾರು 127 ಸೆಂಟಿಮೀಟರ್. ಚಿತ್ರದೊಳಗಿನ ಅಗಾಧತೆಯನ್ನು ನೋಡಿದರೆ ಇಷ್ಟೇ ಅಳತೆಯದು ಎಂದು ನಂಬುವುದು ಕಷ್ಟ.

ಅದೇ ಹೊತ್ತಿಗೆ ಯುರೋಪಿನ ಬಾಯಲ್ಲೆಲ್ಲ ಧ್ರುವಯಾನದ ಸುದ್ದಿಯಿತ್ತು. ಇಂಗ್ಲೆಂಡಿನ ವಿಲಿಯಂ ಎಡ್ವರ್ಡ್ ಪ್ಯಾರಿ ಹೆಕ್ಲಾ, ಗ್ರೈಪರ್ ಎಂಬ ಎರಡು ಹಡಗುಗಳಲ್ಲಿ ಉತ್ತರ ಅಮೆರಿಕದ ಮೇಲ್ಗಡೆಯ ವಾಯವ್ಯ ಜಲಮಾರ್ಗವನ್ನು ಹುಡುಕಿ ಹೊರಟಿದ್ದ. 1819-20ರ ಚಳಿಗಾಲವನ್ನು ಮಂಜಿನ ಸೆರೆಯಲ್ಲೇ ಕಳೆದು, ಹಡಗುಗಳೊಂದಿಗೆ ಸುಖವಾಗಿ ಹಿಂತಿರುಗಿದ. ಆ ಸುದ್ದಿಯಿಂದ ಈ ಚಿತ್ರಕ್ಕೆ ಪ್ರೇರಣೆ ಸಿಕ್ಕಿರಬೇಕು. ಆದರೆ ಫ್ರೀಡ್ರಿಶ್‌ನ ಹಡಗಿಗೆ ಹಿಂತಿರುಗುವ ದಾರಿಯಿಲ್ಲ. ಸಾಹಸಿಯೊಬ್ಬನ ಗೆಲುವನ್ನು ಕೇಳಿಸಿಕೊಂಡು ಸೋಲನ್ನು ಬರೆದ ಕಲಾವಿದನ ಎದೆಯಲ್ಲಿ ಬೇರೆಯೇ ಮಂಜು ಇತ್ತು.

ಆತ ಹುಟ್ಟಿದ್ದು ಬಾಲ್ಟಿಕ್ ಕಡಲ ಬಳಿಯ ಗ್ರೈಫ್ಸ್‌ವಾಲ್ಡ್ ಊರಿನಲ್ಲಿ, 1774ರಲ್ಲಿ. 1787ರ ಡಿಸೆಂಬರ್‌ನಲ್ಲಿ ಕಾಲಡಿಯ ಮಂಜು ಒಡೆದು ಅವನ ತಮ್ಮ ಕ್ರಿಸ್ಟೊಫರ್ ನೀರುಪಾಲಾದ. ಆಗ ಫ್ರೀಡ್ರಿಶ್‌ಗೆ 13 ವರ್ಷ. ಅಣ್ಣನನ್ನು ಉಳಿಸಲು ಹೋಗಿ ತಮ್ಮ ಮುಳುಗಿದ ಎಂಬ ಮಾತೂ ಪ್ರಚಾರದಲ್ಲಿದೆ. ಒಬ್ಬ ಕಲಾವಿದನ ಚಿತ್ರಕ್ಕೆಲ್ಲ ಅವನ ಬಾಲ್ಯದ ದುಃಖವನ್ನೇ ಕಾರಣ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಆದರೂ ಮಂಜು ಎಂದರೆ ಬರೀ ಬಿಳುಪು, ಬರೀ ಸೊಬಗು ಅಲ್ಲವೆಂದು ಆ ಹುಡುಗನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಧ್ರುವಪ್ರದೇಶವನ್ನು ಅವನು ಕಂಡವನೇ ಅಲ್ಲ. ಕಂಡದ್ದು ಡ್ರೆಸ್ಡೆನ್‌ನಲ್ಲಿ ಹರಿಯುವ ಎಲ್ಬೆ ನದಿಯನ್ನು. 1820-21ರ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಎಲ್ಬೆಯ ಮಂಜು ಒಡೆದು ಹೋಳುಗಳು ದಡದಲ್ಲಿ ರಾಶಿ ಬಿದ್ದಿದ್ದವು. ಅವನ ಮನೆ ನದಿಯ ದಡದಲ್ಲೇ ಇತ್ತು. ಆ ಹೋಳುಗಳನ್ನು ಅವನು ಎಣ್ಣೆಬಣ್ಣದಲ್ಲಿ ಪುಟ್ಟ ಪುಟ್ಟ ಅಭ್ಯಾಸಚಿತ್ರಗಳಾಗಿ ಬರೆದಿಟ್ಟುಕೊಂಡ: ಒಡೆದ ಅಂಚು ಹೇಗೆ ಬೆಳಕು ಹಿಡಿಯುತ್ತದೆ, ಹೋಳಿನ ದಪ್ಪ ಎಷ್ಟು, ಒಂದರ ಮೇಲೊಂದು ಹೇಗೆ ಕೂರುತ್ತದೆ. ದೊಡ್ಡ ಚಿತ್ರದ ಮುಂಭಾಗಕ್ಕೆ ಆ ಮಣ್ಣಿನ ಬಣ್ಣ ಬಂದದ್ದೂ ಈ ನೋಟದಿಂದಲೇ ಎಂದು ನನಗನ್ನಿಸುತ್ತದೆ. ಬರೀ ಊಹೆಯಿಂದ ಬರೆದಿದ್ದರೆ ಧ್ರುವವೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗುತ್ತಿತ್ತು. ಕಾಣದ ಕಡಲಿನ ಭಯವನ್ನು ನಮ್ಮ ಮೈಗೆ ತಾಗಿಸುವುದು ಮನೆಬಾಗಿಲಲ್ಲೇ ಕಂಡ ಈ ಕೊಳಕು ಮಂಜು.

ಫ್ರೀಡ್ರಿಶ್‌ನ ಹಲವು ಹೆಸರಾಂತ ಚಿತ್ರಗಳಲ್ಲಿ ನಮಗೆ ಬೆನ್ನು ತೋರಿಸಿ ನಿಂತ ಒಬ್ಬ ಮನುಷ್ಯ ಇರುತ್ತಾನೆ. 1818ರ ಸುಮಾರಿಗೆ ಬರೆದ, ಕಾವಳದ ಕಡಲನ್ನು ಬಂಡೆಯ ಮೇಲಿಂದ ನೋಡುವ ಅಲೆಮಾರಿಯನ್ನು ನೆನೆಯಬಹುದು. ಅಲ್ಲಿ ನಾವು ಅವನ ಹೆಗಲ ಮರೆಯಲ್ಲಿ ನಿಂತು ನೋಡುತ್ತೇವೆ. ಪ್ರಪಾತ ಎಷ್ಟೇ ಆಳವಿದ್ದರೂ ಜೊತೆಗೊಬ್ಬನಿದ್ದಾನೆ ಎಂಬ ಧೈರ್ಯ. ‘ಮಂಜಿನ ಸಮುದ್ರ’ದಲ್ಲಿ ಆ ಹೆಗಲು ಇಲ್ಲ. ಕಾಲೂರಲು ದಡವಿಲ್ಲ, ಮೊನಚು ಹೋಳುಗಳು ನೇರ ನಮ್ಮ ಕಾಲಬುಡದಿಂದಲೇ ಶುರುವಾಗುತ್ತವೆ. ನನ್ನ ಮಟ್ಟಿಗೆ ಚಿತ್ರದ ನಿಜವಾದ ಧೈರ್ಯ ಇದು. ಹಡಗೊಡೆದ ದೃಶ್ಯವೆಂದರೆ ಬಿರುಗಾಳಿ, ಅಲೆ, ಕೈಚಾಚಿ ಕೂಗುವ ಜನ ಎಂದು ಒಗ್ಗಿಹೋಗಿದ್ದ ಕಾಲದಲ್ಲಿ ಫ್ರೀಡ್ರಿಶ್ ಎಲ್ಲ ಮುಗಿದ ಮೇಲಿನ ಹೊತ್ತನ್ನು ಆರಿಸಿಕೊಂಡ. ಕಥೆಯನ್ನು ಹಡಗಿಗೆ ಬಿಡದೆ ಮಂಜಿಗೇ ಕೊಟ್ಟ.

ಜನಕ್ಕೆ ಇದು ಹಿಡಿಸಲಿಲ್ಲ. 1824ರಲ್ಲಿ ಪ್ರಾಗ್‌ನಲ್ಲಿ ಪ್ರದರ್ಶನಕ್ಕಿಟ್ಟರೂ, ಮುಂದೆ ಬೇರೆ ಕಡೆ ತೋರಿಸಿದರೂ ಕೊಳ್ಳುವವರು ಬರಲಿಲ್ಲ. 1840ರಲ್ಲಿ ಫ್ರೀಡ್ರಿಶ್ ತೀರಿಕೊಂಡಾಗಲೂ ಅದು ಮಾರಾಟವಾಗದೆ ಉಳಿದಿತ್ತು. ಆಮೇಲೆ ಅದನ್ನು ಕೊಂಡವನು ಎಲ್ಬೆ ದಡದ ಅದೇ ಮನೆಯಲ್ಲಿ ವಾಸವಿದ್ದ ಗೆಳೆಯ, ಚಿತ್ರಕಾರ ಯೋಹಾನ್ ಕ್ರಿಸ್ಟಿಯಾನ್ ಡಾಲ್. ಆತ ನಾರ್ವೆಯವನು. ಚಳಿಯ ನಾಡಿನವನಿಗೆ ಚಿತ್ರದ ಬೆಲೆ ತಿಳಿಯಿತು. ಡಾಲ್ ಮನೆತನದಿಂದ 1905ರಲ್ಲಿ ಅದು ಹ್ಯಾಂಬರ್ಗ್‌ನ ಕುನ್ಸ್ಟ್‌ಹಾಲೆ ಸಂಗ್ರಹಾಲಯ ಸೇರಿತು. ಎಲ್ಬೆಯ ಮಂಜಿನ ಆ ಪುಟ್ಟ ಅಭ್ಯಾಸಚಿತ್ರಗಳು ಇರುವುದೂ ಅದೇ ಸಂಗ್ರಹದಲ್ಲಿ. ಹ್ಯಾಂಬರ್ಗ್‌ಗೆ ಹೋಗುವ ಯೋಗ ಇರುವವರು, ನೋಡಲು ಸಿಕ್ಕರೆ, ಮೊದಲು ಅವುಗಳ ಮುಂದೆ ನಿಲ್ಲಿ. ಕೊಳೆ ಹಿಡಿದ ಆ ಹೋಳುಗಳನ್ನು ಚೆನ್ನಾಗಿ ನೋಡಿಕೊಂಡು, ಆಮೇಲೆ ದೊಡ್ಡ ಚಿತ್ರದ ಹತ್ತಿರ ಹೋಗಿ.