ಸೆಟ್: ಸಣ್ಣ ಪದ, ದೊಡ್ಡ ಗೊಂದಲ

ಇಂಗ್ಲಿಷ್ ಕಲಿಯದವರೂ ನಮ್ಮ ಔರಾದದಲ್ಲಿ ಸೆಟ್ ಅನ್ನುತ್ತಾರೆ. ಹೊಲಕ್ಕೆ ಪಂಪ್‌ಸೆಟ್, ಜಾತ್ರೆ ಅಂಗಡಿಯಲ್ಲಿ ಬಳೆ ಸೆಟ್, ಹೋಟೆಲಿನಲ್ಲಿ ಸೆಟ್ ದೋಸೆ. ಅದೇ ಪದ ಇಂಗ್ಲಿಷ್ ಪಾಠದಲ್ಲಿ ಎದುರಾದರೆ ಮಕ್ಕಳು ತಡವರಿಸುತ್ತಾರೆ. ಅದಕ್ಕೆ ದಡ್ಡತನ ಕಾರಣವಲ್ಲ. ನಾವೂ ನಂಬಿ, ಅವರಿಗೂ ದಾಟಿಸಿದ ಕೆಲವು ತಪ್ಪು ತಿಳಿವಳಿಕೆಗಳೇ ಕಾರಣ.

ತಪ್ಪು ಕಲ್ಪನೆ 1: ಉದ್ದ ಪದಗಳು ಕಷ್ಟ, ಸಣ್ಣ ಪದಗಳು ಸುಲಭ.

ವಾಸ್ತವ: ಫೋಟೋಸಿಂಥೆಸಿಸ್ ಬರೆಯಲು ಕಷ್ಟ, ಆದರೆ ಅರ್ಥ ಒಂದೇ. ಸೆಟ್ ಬರೆಯಲು ಸುಲಭ, ಆದರೆ 1989ರಲ್ಲಿ ಬಂದ ಆಕ್ಸ್‌ಫರ್ಡ್ ಮಹಾನಿಘಂಟಿನ ಎರಡನೆಯ ಆವೃತ್ತಿ ಅದಕ್ಕೆ ಸುಮಾರು 430 ಅರ್ಥ ಕೊಟ್ಟಿದೆ. ಹೆಚ್ಚು ದುಡಿಯುವ ಪದಕ್ಕೇ ಹೆಚ್ಚು ಅರ್ಥ.

ತಪ್ಪು ಕಲ್ಪನೆ 2: ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ಸೆಟ್.

ವಾಸ್ತವ: ಇದು ಹಳೆಯ ಲೆಕ್ಕ. ಸಾಮಾನ್ಯ ಜ್ಞಾನದ ಪುಸ್ತಕಗಳು ಅದನ್ನೇ ಅಚ್ಚು ಹಾಕುತ್ತಿವೆ. ಅದೇ ನಿಘಂಟಿನ ಮೂರನೆಯ ಆವೃತ್ತಿಗಾಗಿ ನಡೆದ ಪರಿಷ್ಕರಣೆಯಲ್ಲಿ ರನ್ ಎಂಬ ಕ್ರಿಯಾಪದ 645 ಅರ್ಥಗಳೊಂದಿಗೆ ಮುಂದೆ ಹೋಗಿದೆ. ರೈಲು, ಯಂತ್ರ, ಕಂಪ್ಯೂಟರ್ ಬಂದಂತೆಲ್ಲ ಆ ಪದಕ್ಕೆ ಹೊಸ ಕೆಲಸ ಸಿಕ್ಕಿತು.

ತಪ್ಪು ಕಲ್ಪನೆ 3: ಸೆಟ್ ಎಂದು ಎಲ್ಲಿ ಕೇಳಿದರೂ ಅದು ಒಂದೇ ಬೇರಿನ ಪದ.

ವಾಸ್ತವ: ಇಡು, ಕೂರಿಸು ಎಂಬ ಅರ್ಥದ ಕ್ರಿಯಾಪದ ಹಳೆಯ ಇಂಗ್ಲಿಷಿನದು. ಗುಂಪು ಎಂಬ ಅರ್ಥದ ನಾಮಪದ ಲ್ಯಾಟಿನ್ನಿನಿಂದ ಫ್ರೆಂಚ್ ದಾರಿಯಲ್ಲಿ ಬಂದದ್ದು. ರೂಪ ಒಂದೇ ಆದ್ದರಿಂದ ಎರಡೂ ಬೆರೆತುಹೋದವು. ಉಪನ್ಯಾಸಕರಾಗಬಯಸುವವರು ಬರೆಯುವ ಕೆ-ಸೆಟ್‌ಗಂತೂ ಇವೆರಡರ ನಂಟೂ ಇಲ್ಲ. ಅದು ಸ್ಟೇಟ್ ಎಲಿಜಿಬಿಲಿಟಿ ಟೆಸ್ಟ್‌ನ ಮೊದಲ ಅಕ್ಷರಗಳ ಜೋಡಣೆ.

ತಪ್ಪು ಕಲ್ಪನೆ 4: ಕನ್ನಡ ಅರ್ಥಗಳ ಪಟ್ಟಿ ಬಾಯಿಪಾಠ ಮಾಡಿದರೆ ಸಾಕು.

ವಾಸ್ತವ: ಅರ್ಥ ತಿಳಿಯುವುದು ಪಕ್ಕದ ಪದದಿಂದ. ಇಂಗ್ಲಿಷಿನಲ್ಲಿ ಸೂರ್ಯ ಸೆಟ್ ಆದರೆ ಮುಳುಗಿದ, ಸಿಮೆಂಟ್ ಸೆಟ್ ಆದರೆ ಗಟ್ಟಿಯಾಯಿತು, ಮೊಸರು ಸೆಟ್ ಆದರೆ ಹೆಪ್ಪುಗಟ್ಟಿತು. ಪ್ರಶ್ನೆಪತ್ರಿಕೆ ಸೆಟ್ ಮಾಡಿದರೆ ತಯಾರಿಸಿದಂತೆ. ಗಣಿತದಲ್ಲಿ ಅದು ಗಣ. ಅಲ್ಲಿ 2, 2, 3 ಎಂದು ಬರೆದರೂ ಇರುವುದು 2 ಮತ್ತು 3 ಮಾತ್ರ. ಒಂದೇ ಅಂಶ ಎರಡು ಸಲ ಲೆಕ್ಕಕ್ಕಿಲ್ಲ. ಬಳೆ ಅಂಗಡಿಯವ ಡಜನ್ ಬಳೆಯ ಸೆಟ್ಟಿಗೆ ಈ ನಿಯಮ ಹಚ್ಚಿದರೆ ಹೆಣ್ಣುಮಕ್ಕಳು ಬಿಟ್ಟಾರೆಯೇ?

ತಪ್ಪು ಕಲ್ಪನೆ 5: ಮನೆಯಲ್ಲೊಂದು, ಸಂತೆಯಲ್ಲೊಂದು ಭಾಷೆ ಆಡುವ ಗಡಿಭಾಗದ ಮಕ್ಕಳಿಗೆ ಇಂಥ ಪದಗಳು ತಲೆಗೆ ಹತ್ತುವುದಿಲ್ಲ.

ವಾಸ್ತವ: ಮಹಾರಾಷ್ಟ್ರ, ತೆಲಂಗಾಣ ಎರಡಕ್ಕೂ ತಾಗಿದ ತಾಲ್ಲೂಕು ನಮ್ಮದು. ಇಲ್ಲಿನ ಮಗು ಕನ್ನಡದಲ್ಲಿ ದನ ಕಟ್ಟುತ್ತದೆ, ಬುತ್ತಿ ಕಟ್ಟುತ್ತದೆ, ಫೀಸು ಕಟ್ಟುತ್ತದೆ. ನೆಗಡಿಯಾದರೆ ಮೂಗೂ ಕಟ್ಟುತ್ತದೆ. ಅದೇ ಮಗು ಮರಾಠಿಯಲ್ಲಿ ಹಸಿವಾದರೆ ಭೂಕ್ ಲಾಗಲೀ, ಬೆಂಕಿ ಹತ್ತಿದರೆ ಆಗ್ ಲಾಗಲೀ ಅನ್ನುತ್ತದೆ. ಸಮಯ ಹಿಡಿಯುವುದಕ್ಕೂ ಲಾಗತೋ ಎಂಬುದೇ ಪದ. ಯಾವ ಮಗುವೂ ಇವನ್ನು ಪಟ್ಟಿ ಮಾಡಿ ಕಲಿತಿಲ್ಲ, ಬಳಸುತ್ತ ಕಲಿತಿದೆ. ಸೆಟ್ ಕಲಿಸುವ ದಾರಿಯೂ ಅದೇ: ಒಂಟಿ ಪದ ಕೊಡುವುದನ್ನು ಬಿಟ್ಟು ಪೂರ್ತಿ ವಾಕ್ಯ ಕೊಡಬೇಕು.