ಕೆಲಸವಿಲ್ಲದ ತಿಂಗಳುಗಳ ಲೆಕ್ಕ: ಪೊಲೀಸ್ ನೇಮಕಾತಿಯೂ ನೆನಪಿನ ವಿಜ್ಞಾನವೂ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೊಲೀಸ್ ಕೆಲಸಕ್ಕೆ ಸೇರಬೇಕೆನ್ನುವವರು ತಮ್ಮ ವೈಯಕ್ತಿಕ ಇತಿಹಾಸದ ಉದ್ದನೆಯ ನಮೂನೆಯೊಂದನ್ನು ತುಂಬಬೇಕು. ಉದ್ಯೋಗದ ವಿವರ ಕೇಳುವ ಭಾಗದಲ್ಲಿ, ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ನಿರುದ್ಯೋಗದ ಅವಧಿಗೆಂದೇ ಬೇರೆ ಜಾಗವಿದೆ. ಯಾವಾಗಿನಿಂದ ಯಾವಾಗಿನವರೆಗೆ ಕೆಲಸ ಇರಲಿಲ್ಲ? ಆಗ ಓದುತ್ತಿದ್ದಿರಾ, ಬೇರೆ ಕೆಲಸ ಹುಡುಕುತ್ತಿದ್ದಿರಾ, ರಜೆಯಲ್ಲಿದ್ದಿರಾ, ಪ್ರವಾಸ ಹೋಗಿದ್ದಿರಾ? ಗುರುತು ಹಾಕಿ ವಿವರ ಬರೆಯಬೇಕು. ಎಫ್‌ಬಿಐಯಂಥ ಕೇಂದ್ರ ಸಂಸ್ಥೆಗಳು ಬಳಸುವ ಎಸ್‌ಎಫ್-86 ನಮೂನೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಅದರಲ್ಲಿ ಹಿಂದಿನ 10 ವರ್ಷಗಳ ಲೆಕ್ಕ ಎಲ್ಲೂ ತುಂಡಾಗದಂತೆ ಸಿಗಬೇಕು. ಕೆಲಸವಿಲ್ಲದ ಅವಧಿ ಇದ್ದರೆ ಅದನ್ನು ದೃಢಪಡಿಸಬಲ್ಲ ಒಬ್ಬರ ಹೆಸರನ್ನೂ ಕೊಡಬೇಕು.

ಇಂಥ ಪ್ರಶ್ನೆ ಕಂಡ ಅಭ್ಯರ್ಥಿಗೆ ಎದೆ ಧಸಕ್ಕೆನ್ನುವುದು ಸಹಜ. ಕೆಲಸವಿಲ್ಲದೆ ಕಳೆದ ಎಂಟು ತಿಂಗಳೇ ತನ್ನನ್ನು ಮುಳುಗಿಸುತ್ತವೇನೋ ಎಂದು ಅನ್ನಿಸುತ್ತದೆ. ಆದರೆ ಮೊದಲೇ ಖಾಲಿ ಜಾಗ ಮುದ್ರಿಸಿಟ್ಟಿದ್ದಾರೆಂದರೆ, ಅರ್ಜಿದಾರರ ಬದುಕಿನಲ್ಲಿ ಅಂಥ ತಿಂಗಳುಗಳು ಇದ್ದೇ ಇರುತ್ತವೆ ಎಂದು ಇಲಾಖೆ ಒಪ್ಪಿಕೊಂಡಿದೆ ಎಂದೇ ಅರ್ಥ. ಪರಿಶೀಲನೆ ನಡೆಸುವ ಅಧಿಕಾರಿಗೆ ಇರುವ ಆತಂಕ ಬೇರೆ. ಶಿಸ್ತುಕ್ರಮದಿಂದಾಗಿ ಕೈತಪ್ಪಿದ ಕೆಲಸವೊಂದನ್ನು ಈ ಖಾಲಿ ಅವಧಿಯಲ್ಲಿ ಮುಚ್ಚಿಡಲಾಗಿದೆಯೇ? ಆ ದಿನಗಳಲ್ಲಿ ಜೀವನಕ್ಕೆ ಹಣ ಎಲ್ಲಿಂದ ಬಂತು? ಬಂದೂಕು ಹಿಡಿಯುವ, ಜನರನ್ನು ಬಂಧಿಸುವ, ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವ ಅಧಿಕಾರ ಕೊಡುವ ಮುನ್ನ ಇಷ್ಟನ್ನು ಕೇಳುವುದು ನ್ಯಾಯವೇ ಸರಿ.

ಖಾಸಗಿ ಉದ್ಯೋಗದಾತರು ಇಂಥ ಖಾಲಿ ಅವಧಿಯನ್ನು, ಅಂದರೆ ಗ್ಯಾಪನ್ನು, ಹೇಗೆ ನೋಡುತ್ತಾರೆ ಎಂಬುದಕ್ಕೆ ಗಟ್ಟಿ ಪ್ರಯೋಗಗಳಿವೆ. ಕ್ರಾಫ್ಟ್, ಲಾಂಗೆ ಮತ್ತು ನೊಟೊವಿಡಿಗ್ಡೊ ಎಂಬ ಅರ್ಥಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಅಮೆರಿಕದ 100 ನಗರಗಳ ಸುಮಾರು 3,000 ಉದ್ಯೋಗ ಪ್ರಕಟಣೆಗಳಿಗೆ ಸುಮಾರು 12,000 ಕಲ್ಪಿತ ಅರ್ಜಿಗಳನ್ನು ಕಳಿಸಿದರು. ನಿರುದ್ಯೋಗದ ಅವಧಿಯನ್ನು ಅರ್ಜಿಯಿಂದ ಅರ್ಜಿಗೆ ಬದಲಿಸಿದ್ದರು. ಮೊದಲ ಎಂಟು ತಿಂಗಳಲ್ಲಿ ಸಂದರ್ಶನದ ಕರೆಗಳು ವೇಗವಾಗಿ ಕಡಿಮೆಯಾದವು. ಆಮೇಲೆ ಹೆಚ್ಚು ಬದಲಾಗಲಿಲ್ಲ. ಸ್ವೀಡನ್ನಿನಲ್ಲಿ ಎರಿಕ್ಸನ್ ಮತ್ತು ರೂಟ್ ನಡೆಸಿ 2014ರಲ್ಲಿ ಪ್ರಕಟಿಸಿದ ಇದೇ ಬಗೆಯ ಪ್ರಯೋಗ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಸದ್ಯ ನಡೆಯುತ್ತಿರುವ ದೀರ್ಘ ನಿರುದ್ಯೋಗ ಕೆಲವು ಬಗೆಯ ಕೆಲಸಗಳಿಗೆ ಅಡ್ಡಿಯಾಯಿತು. ಆದರೆ ಹಿಂದೆಂದೋ ಇದ್ದು, ನಂತರ ಕೆಲಸ ಸಿಕ್ಕಿ ಮುಗಿದುಹೋದ ಗ್ಯಾಪನ್ನು ಉದ್ಯೋಗದಾತರು ಲೆಕ್ಕಕ್ಕೇ ತೆಗೆದುಕೊಂಡಂತೆ ಕಾಣಲಿಲ್ಲ. ಹಳೆಯ ಗ್ಯಾಪಿನ ಬಗ್ಗೆ ಅಭ್ಯರ್ಥಿಗಳಿಗಿರುವ ಭಯ ವಾಸ್ತವಕ್ಕಿಂತ ದೊಡ್ಡದು.

ನಿಜವಾದ ತೊಡಕು ಇರುವುದು ನೆನಪಿನಲ್ಲಿ. 1988ರಲ್ಲಿ ನ್ಯಾನ್ಸಿ ಮ್ಯಾಥಿಯೊವೆಟ್ಜ್ ಮತ್ತು ಗ್ರೆಗ್ ಡಂಕನ್ ಒಂದು ಕಂಪನಿಯ ಕಾರ್ಮಿಕರನ್ನು ಅವರ ನಿರುದ್ಯೋಗದ ಅವಧಿಗಳ ಬಗ್ಗೆ ಕೇಳಿ, ಉತ್ತರಗಳನ್ನು ಕಂಪನಿಯ ದಾಖಲೆಗಳ ಜೊತೆ ತಾಳೆ ನೋಡಿದ ಅಧ್ಯಯನ ಪ್ರಕಟಿಸಿದರು. ದಾಖಲೆಯಲ್ಲಿದ್ದ ನಿರುದ್ಯೋಗದ ಅವಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉತ್ತರಗಳಲ್ಲಿ ಇರಲೇ ಇಲ್ಲ. ಆ ಕಾರ್ಮಿಕರಿಗೆ ಸುಳ್ಳು ಹೇಳಿ ಗಳಿಸುವಂಥದ್ದೇನೂ ಇರಲಿಲ್ಲ. ಚಿಕ್ಕ ಚಿಕ್ಕ ಅವಧಿಗಳು ನೆನಪಿನಿಂದ ಜಾರಿಹೋಗಿದ್ದವು. ಕೆಲಸಕ್ಕೆ ಸೇರಿದ್ದು ಒಂದು ಘಟನೆ; ಅದಕ್ಕೆ ಜಾಗ, ಮುಖಗಳು, ಮೊದಲ ಸಂಬಳ ಅಂಟಿಕೊಂಡಿರುತ್ತವೆ. ಕೆಲಸವಿಲ್ಲದೆ ಮನೆಯಲ್ಲಿ ಕೂತ ಮೂರು ತಿಂಗಳಿಗೆ ಅಂಥ ಗೂಟಗಳು ಕಡಿಮೆ. ಹೀಗಾಗಿ ಮನಸ್ಸು ಹಿಂದಿನ ಕೆಲಸದ ಕೊನೆಯನ್ನು ಮುಂದಕ್ಕೂ ಮುಂದಿನ ಕೆಲಸದ ಆರಂಭವನ್ನು ಹಿಂದಕ್ಕೂ ಎಳೆದು ನಡುವಿನ ಬಿರುಕನ್ನು ತಾನೇ ಮುಚ್ಚಿಬಿಡುತ್ತದೆ.

ಇದರ ಪರಿಣಾಮವನ್ನು ಪೊಲೀಸ್ ಪರಿಶೀಲನೆಯಲ್ಲಿ ಊಹಿಸಿ ನೋಡಿ. ಅಭ್ಯರ್ಥಿ ತಾನು ಕೆಲಸ ಬಿಟ್ಟದ್ದು ಜೂನ್ ಎಂದು ಬರೆಯುತ್ತಾನೆ. ಕಂಪನಿಯ ಮಾನವ ಸಂಪನ್ಮೂಲ ವಿಭಾಗ ಮಾರ್ಚ್ ಎನ್ನುತ್ತದೆ. ಮೂರು ತಿಂಗಳ ವ್ಯತ್ಯಾಸ. ಮರೆವೇ, ಮರೆಮಾಚುವಿಕೆಯೇ? ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಎಸ್‌ಎಫ್-86ರಲ್ಲಿ ಉದ್ದೇಶಪೂರ್ವಕವಾಗಿ ಸುಳ್ಳು ಬರೆದರೆ ಐದು ವರ್ಷದವರೆಗೆ ಜೈಲುಶಿಕ್ಷೆ ವಿಧಿಸಲು ಅಮೆರಿಕದ ಕಾನೂನಿನಲ್ಲಿ ಅವಕಾಶವಿದೆ. ಆದ್ದರಿಂದ ಬರೀ ನೆನಪನ್ನು ನಂಬಿ ತಾರೀಖು ಬರೆಯುವುದು ಪ್ರಾಮಾಣಿಕರಿಗೂ ಅಪಾಯವೇ.

ಅದೇ ವಿಜ್ಞಾನ ಪರಿಹಾರವನ್ನೂ ಕೊಟ್ಟಿದೆ. ಮೌಂಟ್ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸ್ಫೋಟಿಸಿದ್ದು 1980ರ ಮೇ 18ರಂದು. ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಮಾರ್ಬರ್ಗರ್ ಜನರನ್ನು 'ಕಳೆದ ಆರು ತಿಂಗಳಲ್ಲಿ ಯಾರಾದರೂ ನಿಮ್ಮನ್ನು ಹೊಡೆದಿದ್ದಾರೆಯೇ' ಎಂದು ಕೇಳುವ ಬದಲು 'ಆ ಸ್ಫೋಟದ ನಂತರ ಯಾರಾದರೂ ಹೊಡೆದಿದ್ದಾರೆಯೇ' ಎಂದು ಕೇಳಿದರು. ಹಳೆಯ ಘಟನೆಗಳನ್ನು ಇತ್ತೀಚಿನವೆಂದು ಎಳೆದು ತರುವ ತಪ್ಪು ಗಣನೀಯವಾಗಿ ಕಡಿಮೆಯಾಯಿತು. 1983ರಲ್ಲಿ ಇದು ಪ್ರಕಟವಾಯಿತು. ಎಲ್ಲರ ಮನಸ್ಸಿನಲ್ಲೂ ಅಚ್ಚೊತ್ತಿದ ಒಂದು ದಿನವನ್ನು ಗಡಿಯಾಗಿ ಇಟ್ಟರೆ ನೆನಪು ಅದರ ಆಚೆ ಈಚೆ ಸರಿಯಾಗಿ ಕೂರುತ್ತದೆ. ಸಮೀಕ್ಷಾ ಸಂಶೋಧಕರು ಬಳಸುವ ಜೀವನ ಕ್ಯಾಲೆಂಡರ್ ಎಂಬ ವಿಧಾನವೂ ಇದೇ ಬಗೆಯದು. ದೊಡ್ಡ ಹಾಳೆಯಲ್ಲಿ ತಿಂಗಳುಗಳನ್ನು ಅಡ್ಡಕ್ಕೆ ಬರೆದು, ಕೆಳಗೆ ವಾಸಸ್ಥಳ, ಓದು, ಕೆಲಸ, ಮನೆಯ ಘಟನೆಗಳಿಗೆ ಒಂದೊಂದು ಸಾಲು ಬಿಡುವುದು. ಒಂದು ಸಾಲಿನ ನೆನಪು ಇನ್ನೊಂದು ಸಾಲಿನ ನೆನಪನ್ನು ಎಬ್ಬಿಸುತ್ತದೆ.

ನಮ್ಮ ನಾಡಿನ ಅಭ್ಯರ್ಥಿಗೆ ಗಡಿಯಾಗಬಲ್ಲ ದಿನಗಳು ಬೇರೆ. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಪಿಎಸ್‌ಐ ಪರೀಕ್ಷೆಗೆ ಓದಿದ ಒಬ್ಬ ಹುಡುಗಿ ತನ್ನ ಹಾಳೆಯನ್ನು ಹೇಗೆ ತುಂಬಬಹುದು? 2020ರ ಮಾರ್ಚ್ 25ರ ಲಾಕ್‌ಡೌನ್ ಮೊದಲ ಗೂಟ. ಆಗ ಎಲ್ಲಿದ್ದೆ, ಸಂಬಳ ಬರುತ್ತಿತ್ತೇ? 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್ 3ರಂದು. ಅದೇ ತಿಂಗಳ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಆ ಶುಕ್ರವಾರ ತಾನು ಯಾವ ಊರಿನಲ್ಲಿ, ಯಾರ ಜೊತೆಗಿದ್ದೆ ಎಂಬುದನ್ನು ಮರೆತ ಕನ್ನಡಿಗರು ಅಪರೂಪ. 2022ರ ಏಪ್ರಿಲ್‌ನಲ್ಲಿ ಅಕ್ರಮದ ಕಾರಣ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಪ್ರಾಮಾಣಿಕವಾಗಿ ಬರೆದ ಸಾವಿರಾರು ಮಂದಿಯ ಬದುಕಿನಲ್ಲಿ ಎರಡು ವರ್ಷಕ್ಕೂ ಮೀರಿದ ಈ ಕಾಯುವಿಕೆಯನ್ನು ಬೇರೆಯವರ ಅಪರಾಧ ತಂದಿಟ್ಟಿತು. ಅದನ್ನು ಅಭ್ಯರ್ಥಿಯ ಸೋಮಾರಿತನವೆಂದು ಓದುವುದು ಅನ್ಯಾಯ.

ಗೂಟ ನೆಟ್ಟ ಮೇಲೆ ಕಾಗದದ ಆಧಾರ ಬೇಕು. ಪಿಎಫ್ ಇದ್ದ ಕೆಲಸವಾದರೆ ಇಪಿಎಫ್‌ಒ ಖಾತೆಯ ಸೇವಾ ವಿವರದಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕಗಳಿರುತ್ತವೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿರುವ ಕೊನೆಯ ಸಂಬಳದ ನಮೂದು, ಹಾಲ್ ಟಿಕೆಟ್, ಕೋಚಿಂಗ್ ರಸೀದಿ, ಬಾಡಿಗೆ ಕರಾರು ಎಲ್ಲವೂ ಉಪಯೋಗಕ್ಕೆ ಬರುತ್ತವೆ. ವಿವರಣೆ ಮೂರು ಸಾಲು ಸಾಕು: 'ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಕೆಲಸದಲ್ಲಿರಲಿಲ್ಲ. ಧಾರವಾಡದಲ್ಲಿದ್ದು ಪರೀಕ್ಷೆಗೆ ಓದುತ್ತಿದ್ದೆ. ಖರ್ಚು ತಂದೆಯವರು ನೋಡಿಕೊಂಡರು.' ಎಲ್ಲಿದ್ದೆ, ಏನು ಮಾಡುತ್ತಿದ್ದೆ, ಹೇಗೆ ಬದುಕಿದೆ ಎಂಬ ಮೂರಕ್ಕೂ ಇದರಲ್ಲಿ ಉತ್ತರವಿದೆ. ಅವ್ವನ ಕಾಯಿಲೆ ನೋಡಿಕೊಂಡದ್ದಾಗಲಿ, ಹೊಲದಲ್ಲಿ ದುಡಿದದ್ದಾಗಲಿ ಹಾಗೆಯೇ ಬರೆಯಬಹುದು. ಸೋದರಮಾವನ ಅಂಗಡಿಯಲ್ಲಿ 'ಮ್ಯಾನೇಜರ್' ಆಗಿದ್ದೆ ಎಂದು ಅನುಭವ ಪತ್ರ ಬರೆಸಿಕೊಳ್ಳುವ ರೂಢಿಯಿದೆಯಲ್ಲ, ಅದು ಮಾತ್ರ ಬೇಡವೇ ಬೇಡ. ಅಕ್ಕಪಕ್ಕದ ಅಂಗಡಿಯಲ್ಲಿ ಒಂದು ಮಾತು ವಿಚಾರಿಸಿದರೆ ಅದು ಬಯಲಾಗುತ್ತದೆ.

ಗಂಡನ ಜೊತೆ ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಹೋಗಿ, ಮುಂದೆ ಅಲ್ಲಿನ ಪೌರತ್ವ ಪಡೆದು ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವ ಕನ್ನಡತಿಯರಿಗೂ ಈ ಪ್ರಶ್ನೆ ಎದುರಾಗುತ್ತದೆ. 2015ಕ್ಕೆ ಮೊದಲು ಆ ವೀಸಾದವರಿಗೆ ಕೆಲಸ ಮಾಡುವ ಅನುಮತಿಯೇ ಇರಲಿಲ್ಲ. ಆಮೇಲೂ ಕೆಲವರಿಗಷ್ಟೇ ಸಿಕ್ಕಿತು. 'ವೀಸಾ ನಿಯಮದಿಂದಾಗಿ ಕೆಲಸ ಮಾಡಲಾಗಲಿಲ್ಲ' ಎಂಬ ಒಂದೇ ಸಾಲು ಅಲ್ಲಿ ಕಾರಣವನ್ನು ಹೇಳಿಬಿಡುತ್ತದೆ.

ಸುಳ್ಳು ಪತ್ತೆ ಯಂತ್ರದ ಬಗ್ಗೆಯೂ ಹೇಳಬೇಕು. ಅಮೆರಿಕದಲ್ಲಿ 1988ರ ಕಾನೂನು ಬಹುತೇಕ ಖಾಸಗಿ ಉದ್ಯೋಗದಾತರಿಗೆ ಪಾಲಿಗ್ರಾಫ್ ಬಳಕೆಯನ್ನು ನಿಷೇಧಿಸಿತು. ಸರ್ಕಾರಿ ಸಂಸ್ಥೆಗಳಿಗೆ ಆ ನಿಷೇಧವಿಲ್ಲ. ಎಫ್‌ಬಿಐ ಮತ್ತು ಅನೇಕ ಪೊಲೀಸ್ ಇಲಾಖೆಗಳು ಅದನ್ನು ಇಂದಿಗೂ ಬಳಸುತ್ತವೆ. ಆದರೆ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರಲ್ಲಿ ಕೊಟ್ಟ ವರದಿಯ ಲೆಕ್ಕ ಎಚ್ಚರಿಸುವಂಥದ್ದು. 10,000 ನೌಕರರಲ್ಲಿ 10 ಮಂದಿ ಗೂಢಚಾರರಿದ್ದಾರೆ, ಪರೀಕ್ಷೆ ಅವರಲ್ಲಿ ಎಂಟು ಮಂದಿಯನ್ನು ಹಿಡಿಯುವಂತಿದೆ ಎಂದಿಟ್ಟುಕೊಂಡರೆ, ಜೊತೆಗೆ ಸುಮಾರು 1,600 ನಿರಪರಾಧಿಗಳೂ ಸಿಕ್ಕಿಬೀಳುತ್ತಾರೆ. ಯಂತ್ರ ಅಳೆಯುವುದು ಉಸಿರು, ರಕ್ತದೊತ್ತಡ, ಚರ್ಮದ ಬೆವರನ್ನು. ಗ್ಯಾಪಿನ ಬಗ್ಗೆ ನಾಚಿಕೆಪಡುವವರೂ ಬೆವರುತ್ತಾರೆ. ಮನುಷ್ಯರ ಅಂದಾಜೂ ಇದಕ್ಕಿಂತ ಮೇಲೇನಲ್ಲ: ಬಾಂಡ್ ಮತ್ತು ಡಿಪಾಲೊ 2006ರಲ್ಲಿ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಎದುರಿನವರು ಹೇಳುವುದು ನಿಜವೋ ಸುಳ್ಳೋ ಎಂದು ಜನ ಸರಿಯಾಗಿ ಗುರುತಿಸಿದ್ದು ಶೇ 54ರಷ್ಟು ಮಾತ್ರ. ಅಧಿಕಾರಿ ಮುಖಭಾವಕ್ಕಿಂತ ದಾಖಲೆಯನ್ನು ನಂಬುವುದು ಇಬ್ಬರಿಗೂ ಕ್ಷೇಮ.

ಭಾರತದಲ್ಲಿ ಕೇಂದ್ರ ಪಡೆಗಳಿಗೆ ಆಯ್ಕೆಯಾದವರು ತುಂಬುವ ದೃಢೀಕರಣ ನಮೂನೆ, ಹಿಂದಿನ ಐದು ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಾಸಿಸಿದ ಸ್ಥಳಗಳನ್ನು, ಮಾಡಿದ ಕೆಲಸಗಳನ್ನು, ಎದುರಿಸಿದ ಮೊಕದ್ದಮೆಗಳನ್ನು ಕೇಳುತ್ತದೆ. ತಪ್ಪು ಮಾಹಿತಿ ಕೊಟ್ಟರೆ ಅನರ್ಹರಾಗುತ್ತೀರಿ ಎಂಬ ಎಚ್ಚರಿಕೆ ಅದರಲ್ಲೇ ಇದೆ. ಮೊಕದ್ದಮೆ ಮುಚ್ಚಿಟ್ಟವರ ವಿಷಯದಲ್ಲಿ 2016ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಇಲ್ಲಿಯೂ ದಾರಿ ತೋರಿಸುತ್ತದೆ: ಕೊಡುವ ಮಾಹಿತಿ ನಿಜವಾಗಿರಬೇಕು, ಕೇಳುವ ಪ್ರಶ್ನೆ ಸ್ಪಷ್ಟವಾಗಿರಬೇಕು, ಮುಚ್ಚಿಟ್ಟರೆಂದು ಹೇಳಬೇಕಾದರೆ ವಿಷಯ ಅಭ್ಯರ್ಥಿಗೆ ಗೊತ್ತಿದ್ದಿರಬೇಕು. ಶಿಸ್ತಿನ ಪಡೆಗಳಿಗೆ ಅಳತೆ ಇನ್ನೂ ಬಿಗಿಯಾಗಿರಬೇಕು ಎಂದು ನ್ಯಾಯಾಲಯ ಆಮೇಲೆ ಹೇಳಿದೆ.

ನಮೂನೆ ತುಂಬಿ ಸಹಿ ಮಾಡಿದ ಮೇಲೆ ಅದರ ಜೆರಾಕ್ಸ್ ಪ್ರತಿಯೊಂದನ್ನು ಇಟ್ಟುಕೊಳ್ಳಿ. ಮುಂದಿನ ಇಲಾಖೆಗೆ ಅರ್ಜಿ ಹಾಕುವಾಗ ಇದೇ ತಾರೀಖುಗಳನ್ನು ಮತ್ತೆ ಬರೆಯಬೇಕಾಗುತ್ತದೆ. ಯಾವುದಾದರೂ ತಾರೀಖು ತಪ್ಪಿದೆ ಎಂದು ನಂತರ ಗೊತ್ತಾದರೆ, ಅಧಿಕಾರಿ ಕೇಳುವ ಮೊದಲೇ ನೀವೇ ಲಿಖಿತವಾಗಿ ತಿಳಿಸಿಬಿಡಿ.